ದಾರ ಕಟ್ಟದ ಕಾಲು

ನಮ್ಮೂರಲ್ಲಿ ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು ಸೈಕಲ್ಲಿನ ಗಾಲಿ ಯಾರು ಕಟ್ಟಿದ್ದು ಎಂದು ಕೇಳುತ್ತಾರೆ. ಕೇಳಲೇಬೇಕು. ಗಾಲಿ ಕಟ್ಟಿದವರ ಕಾಲು ಎಲ್ಲಿಯವರೆಗೆ ನಡೆದಿದೆಯೋ ಗಾಲಿಯೂ ಅಲ್ಲಿಯವರೆಗೇ ಉರುಳುತ್ತದೆ. ಅದರಾಚೆ ನೀವು ಪೆಡಲ್ ಮೇಲೆ ನಿಂತು ಕುಣಿದರೂ ಒಂದು ಗೇಣು ಮುಂದೆ ಹೋಗುವುದಿಲ್ಲ. ಮದುವೆಯಲ್ಲಿ ಮುಂದಿನ ಗಾಲಿ ಹೆಣ್ಣಿನ ಕಡೆಯವರದು, ಹಿಂದಿನದು ಗಂಡಿನ ಕಡೆಯವರದು. ಹೊಸ ಜೋಡಿ ಎರಡೂ ಮನೆಯವರು ನಡೆದ ಜಾಗಕ್ಕೆ ಮಾತ್ರ ಹೋಗಬಹುದು. ನನ್ನ ಮದುವೆಯ ಸೈಕಲ್ಲು ನಮ್ಮಿಬ್ಬರನ್ನು ಹಿಟ್ಟಿನ ಗಿರಣಿಗೂ ಎಮ್ಮೆ ಸಂತೆಗೂ ಬಿಟ್ಟು ಬೇರೆಲ್ಲಿಗೂ ಒಯ್ಯಲಿಲ್ಲ. ಇನ್ನು ಬಡಿಗೇರ ಓಣಿಯ ಸಾವಂತ್ರವ್ವನ ಸಂಗತಿ ಕೇಳಿ. ಗಂಡನ ಕುಡಿತ ಬಿಡಿಸಬೇಕೆಂದು, ಜನ್ಮದಲ್ಲಿ ಸೆರೆ ಅಂಗಡಿಯ ಕಡೆ ಮುಖ ಹಾಕದ ಭಜನೆ ಗುರುಗಳ ಕೈಯಲ್ಲಿ ಅವನಿಗೆ ಗಾಲಿ ಕಟ್ಟಿಸಿದಳು. ಮೂರನೇ ದಿನ ಆ ಗಾಲಿ ಸೆರೆ ಅಂಗಡಿಯ ಮೆಟ್ಟಿಲತನಕ ಸಲೀಸಾಗಿ ಉರುಳಿತು. ಗುರುಗಳು ಆ ವಾರ ಭಜನೆಗೆ ಬರಲಿಲ್ಲ.

ಮರ್ಯಾದಸ್ಥರು ಗಾಲಿ ಕಟ್ಟಿಸುವುದು ದಾವಲಸಾಬನ ಅಂಗಡಿಯಲ್ಲಿ. ಅವನು ಪ್ರಾಯದಲ್ಲಿ ಊರಿನ ಓಣಿ, ಕೆರೆ ಏರಿ, ಹೊಲದ ಬದು ಒಂದನ್ನೂ ಬಿಡದೆ ನಡೆದವನು. ನಡೆಯುವಾಗ ಬಲಗಾಲಿಗೆ ಬಿಳಿ ದಾರ ಕಟ್ಟಿಕೊಳ್ಳುತ್ತಿದ್ದ. ಗಾಲಿ ಕಟ್ಟುವವರು ಹೊಸ ದಾರಿಗೆ ಹೊರಟರೆ ಹಾಗೆ ಕಟ್ಟಿಕೊಳ್ಳುವುದು ನಮ್ಮಲ್ಲಿ ರೂಢಿ. ಅಂಥವರನ್ನು ಕಂಡರೆ ಯಾರೂ ಬಂಡಿ ಹತ್ತು ಎನ್ನಬಾರದು, ಕೈ ಹಿಡಿದು ಎತ್ತಬಾರದು, ಹಳ್ಳದಲ್ಲಿ ಬಿದ್ದಿದ್ದರೂ ದಡದಲ್ಲಿ ನಿಂತು ಮಾತಾಡಿಸಬಹುದು, ಅಷ್ಟೆ. ಆದರೆ ದಾವಲಸಾಬನ ನಡಿಗೆಯೂ ಕರಿಗುಡ್ಡದ ಬುಡಕ್ಕೆ ಮುಗಿದಿತ್ತು. ಮುಂದೆ ನಡೆಯುವಷ್ಟರಲ್ಲಿ ಮೊಣಕಾಲು ಕೈಕೊಟ್ಟವು. ಹೀಗಾಗಿ ಊರಿನ ಎಲ್ಲ ಸೈಕಲ್ಲುಗಳೂ ಕರಿಗುಡ್ಡದ ಬುಡದಲ್ಲಿ ನಿಂತುಬಿಡುತ್ತಿದ್ದವು. ಅಲ್ಲಿ ನೆಲದ ಮೇಲೆ ಗಾಲಿ ಉಜ್ಜಿದ ಗೆರೆಗಳು ಸಾಲಾಗಿ ಇವೆ. ಹೊಸ ಸೈಕಲ್ಲು ಸಿಕ್ಕ ಪ್ರತಿಯೊಬ್ಬರೂ ಒಂದು ಸಲ ಅಲ್ಲಿ ಹೋಗಿ ತಲೆ ಚಚ್ಚಿಕೊಂಡು ಬಂದವರೇ.

ಗುಡ್ಡ ಬಳಸಿ ಬಂಡಿದಾರಿಯಲ್ಲಿ ಮೂರು ತಾಸು ನಡೆದರೆ ಆಚೆಹಟ್ಟಿ. ಮೂವತ್ತು ಮನೆ, ಎಲ್ಲರೂ ಕಲ್ಲು ಒಡೆಯುವವರು. ನಾನು ನಿಂಬೆವ್ವ, ಊರಿನ ಸೂಲಗಿತ್ತಿ. ಇಪ್ಪತ್ತೆರಡು ವರ್ಷದಲ್ಲಿ ಈ ಊರಿನ ಅರ್ಧ ಜನರ ಬೆನ್ನಿಗೆ ಮೊದಲ ಏಟು ಕೊಟ್ಟವಳು. ಆದರೆ ಆಚೆಹಟ್ಟಿಗೆ ನಾನು ಹೋದದ್ದೇ ಇಲ್ಲ. ಅಲ್ಲಿಂದ ಒಬ್ಬರು ಕರೆಯಲು ಬರುವುದು ಮೂರು ತಾಸು, ನಾನು ಹೋಗುವುದು ಮೂರು ತಾಸು. ಅಷ್ಟು ಹೊತ್ತು ಯಾವ ಕೂಸೂ ಕಾಯುವುದಿಲ್ಲ.

ಒಂದು ಸಂತೆಯ ದಿನ ಆಚೆಹಟ್ಟಿಯ ಹುಲಿಗೆವ್ವ ನಮ್ಮ ಮನೆಗೆ ಬಂದಳು. ಬಸಿರು, ಏಳು ತಿಂಗಳು. ಹೊಟ್ಟೆ ಮುಟ್ಟಿ ನೋಡಿ ಎಲ್ಲ ಚೆನ್ನಾಗಿದೆ ಎಂದೆ. ಅವಳು ಸೆರಗಿನ ತುದಿ ಹಿಂಡುತ್ತ ಕೂತಳು.

"ಇದು ಮೂರನೇದ್ರೀ ಅಕ್ಕಾರ. ಮೊದಲಿನ ಎರಡೂ ಉಳೀಲಿಲ್ಲ. ಈ ಸಲ ನೀವು ಬರ್ರಿ" ಎಂದಳು.

"ನೋಡೂಣು" ಎಂದೆ.

ಇನ್ನೇನು ಹೇಳಲಿ? ಮುಂಚೆಯೇ ಹೋಗಿ ಅಲ್ಲಿ ಉಳಿಯೋಣವೆಂದರೆ ಅದೇ ತಿಂಗಳಲ್ಲಿ ಊರೊಳಗೆ ಮೂವರು ಹೆರುವವರಿದ್ದರು. ಅವಳು ಎದ್ದು ಹೋದಳು. ನಾನು ಆಡಿದ ಆ 'ನೋಡೂಣು' ಮಾತ್ರ ಮನೆಯಲ್ಲೇ ಉಳಿಯಿತು. ರೊಟ್ಟಿ ಬಡಿಯುವಾಗ ಕೇಳಿಸಿತು, ನೀರು ಸೇದುವಾಗ ಕೇಳಿಸಿತು. ಮರುದಿನ ಬೆಳಿಗ್ಗೆ ನೆಟ್ಟಗೆ ದಾವಲಸಾಬನ ಅಂಗಡಿಗೆ ಹೋದೆ.

"ಆಚೆಹಟ್ಟಿಗೆ ಹೋಗೂ ಗಾಲಿ ಬೇಕು."

"ಹಂಗಾರ ನನ್ನ ಮೊಣಕಾಲ ಕೇಳವ್ವಾ. ಅವು ಹೂಂ ಅಂದ್ರ ನಂದೇನ ತಕರಾರಿಲ್ಲ."

"ನಾನ ಕಟ್ಟತೀನಿ. ನೀವು ಕಲಸರಿ."

ದಾವಲಸಾಬ ನಕ್ಕ. ನಕ್ಕು ನಕ್ಕು ಕೆಮ್ಮು ಬಂದು ನೀರು ಕುಡಿದ. ನನಗೆ ಮೈಯೆಲ್ಲ ಉರಿಯಿತು.

"ನಿಂಬೆವ್ವಾ, ನೀ ಒಳಗಿದ್ದದ್ದನ್ನ ಹೊರಗ ತಗಿಯಾಕಿ. ಇಲ್ಲಿ ಎಪ್ಪತ್ತೆರಡು ಕಡ್ಡಿ ಒಳಗ ಹಾಕಬೇಕು. ಮುಂದಿಂದಕ್ಕ ಮೂವತ್ತೆರಡು, ಹಿಂದಿಂದಕ್ಕ ನಲವತ್ತು. ಒಂದು ಬಿಗಿ ಹೆಚ್ಚಾದ್ರ ಉಳಿದಾವೆಲ್ಲಾ ಮಾರಿ ತಿರುವತಾವು."

"ಅತ್ತಿ, ನಾದಿನಿ, ನೆಗೆಣ್ಣಿ ಎಲ್ಲಾರ ನಡುವ ಇಪ್ಪತ್ತು ವರ್ಷ ಬಾಳೇ ಮಾಡೇನಿ. ಕಡ್ಡಿ ಏನ ಮಹಾ?"

ಈ ಸಲ ಅವನು ನಗಲಿಲ್ಲ. ಪೆಟ್ಟಿಗೆಯಿಂದ ಬಿಳಿ ದಾರದ ಉಂಡೆ ತೆಗೆದು ಒಂದು ಮೊಳ ಹರಿದು ಕೊಟ್ಟ. "ಮೊದಲ ನಡದ ಬಾ, ಆಮ್ಯಾಲ ಕಡ್ಡಿ ಮುಟ್ಟೀಯಂತ. ಬಲಗಾಲಿಗೆ ಕಟ್ಟಕೋ. ಮರೀಬ್ಯಾಡ" ಎಂದ.

ಮರೆಯಲಿಲ್ಲ. ಬೇಕೆಂದೇ ಕಟ್ಟಲಿಲ್ಲ. ಹೆಂಗಸರ ಕಾಲಲ್ಲಿ ಆ ದಾರವನ್ನು ಊರು ನೋಡಿಯೇ ಇರಲಿಲ್ಲ. ಕಟ್ಟಿಕೊಂಡು ಹೊರಟರೆ ಊರಿನ ಅಗಸೆಬಾಗಿಲು ದಾಟುವುದರೊಳಗೆ ಹತ್ತು ಮಂದಿ ಕೇಳುತ್ತಿದ್ದರು. ನಾಳೆ ಗಾಲಿ ಸೊಟ್ಟಗಾದರೆ ನೂರು ಮಂದಿ ನಗುತ್ತಿದ್ದರು. ನಡೆಯುವುದು ನನ್ನ ಕಾಲು, ದಾರ ಅಲ್ಲ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡು ದಾರವನ್ನು ಎಲೆಅಡಿಕೆ ಚೀಲಕ್ಕೆ ತುರುಕಿದೆ. ಜಾಣತನ ಹೆಚ್ಚಾದಾಗ ನಾನು ಮಾಡುವ ಕೆಲಸಗಳೇ ಹೀಗೆ.

ಎರಡು ದಿನ ಬಿಟ್ಟು ಹೊರಟೆ. ಕರಿಗುಡ್ಡದ ಬುಡ ದಾಟಿ ಮೊದಲ ಹೆಜ್ಜೆ ಇಟ್ಟಾಗ ಆದ ಖುಷಿಯನ್ನು ಹೇಗೆ ಹೇಳಲಿ! ಪ್ರತಿ ಕಲ್ಲನ್ನೂ ಮಾತಾಡಿಸುತ್ತ ನಡೆದೆ. ಒಂದು ತಾಸು ನಡೆದಿದ್ದೆ, ದಾರಿಯಲ್ಲಿ ಒಂಟಿ ಬೇವಿನ ಮರ ಬಂತು. ಅದರ ಬುಡದಲ್ಲೇ ಜಾಲಿಮುಳ್ಳು ಚಪ್ಪಲಿ ಹಾಯ್ದು ಅಂಗಾಲಿಗೆ ನೆಟ್ಟಿತು. ಕುಂಟುತ್ತ ನಿಂತಿದ್ದಾಗ ಹಿಂದಿನಿಂದ ಒಂದು ಚಕ್ಕಡಿ ಬಂತು. ಹೊಡೆಯುತ್ತಿದ್ದವನು ಹುಲಿಗೆವ್ವನ ಗಂಡ ಯಮನೂರಪ್ಪ. ನನ್ನ ಕಾಲಲ್ಲಿ ದಾರ ಕಂಡಿದ್ದರೆ ಅವನು ಕೈಮುಗಿದು ಮುಂದೆ ಹೋಗುತ್ತಿದ್ದ.

"ಅಕ್ಕಾರ, ಹಿಂದ ಕುಂದರ್ರಿ. ಕುಂತು ಮುಳ್ಳು ತಕ್ಕೋರಿ" ಎಂದ.

ಚಕ್ಕಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತು, ಪಿನ್ನಿನಿಂದ ಮುಳ್ಳು ಕೆದಕತೊಡಗಿದೆ. ಎತ್ತುಗಳು ತಮ್ಮ ಪಾಡಿಗೆ ಹೆಜ್ಜೆ ಹಾಕಿದವು. ನಮ್ಮೂರಿನ ಕಟ್ಟಳೆ ಚಕ್ಕಡಿಗೆ ಇಲ್ಲ. ಅಲ್ಲಿ ನಡೆಯುವುದು ಎತ್ತು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಯಮನೂರಪ್ಪ ಮುಂದೆ ನೋಡುತ್ತಲೇ ಮಾತಾಡಿದ.

"ಮೊದಲನೇದು ಗಂಡು. ನಿಮ್ಮನ್ನ ಕರಿಯಾಕ ಬಂದಿದ್ದೆ. ನೀವು ಬ್ಯಾರೆ ಹೆರಿಗಿಗೆ ಹೋಗಿದ್ರಿ. ನಿಮ್ಮ ಕಟ್ಟಿ ಮ್ಯಾಲ ಕುಂತಿದ್ದೆ, ಕುಂತು ಕುಂತು ತಿರುಗಿ ಹೋದೆ." ಸ್ವಲ್ಪ ಹೊತ್ತು ಸುಮ್ಮನಿದ್ದ. "ಎರಡನೇದು ಹೆಣ್ಣು. ಆಗ ಅರ್ಧಾ ದಾರಿ ಬಂದಿದ್ದೆ. ಹಿಂದಿಂದ ನಮ್ಮ ತಮ್ಮ ಓಡಿ ಬಂದು, ಬ್ಯಾಡ, ಬಾ ಅಂದ. ಒಂದ ಸಲ ಅತ್ತಿತ್ತಂತ್ರೀ ಕೂಸು. ಒಂದ ಸಲ. ಆ ದನಿ ನಾ ಕೇಳಲಿಲ್ಲ."

ನನ್ನ ಮನೆಯ ಕಟ್ಟೆಯ ಮೇಲೆ ಅವನು ಕಾದು ಕೂತಿದ್ದು ನನಗೆ ಗೊತ್ತೇ ಇರಲಿಲ್ಲ. ಮುಳ್ಳು ಹೊರಗೆ ಬಂತು.

"ಯಮನೂರಪ್ಪಾ, ಈ ಸಲ ನಾ ಬರತೀನಿ. ಮಾತು ಕೊಟ್ಟೇನಿ, ತಿಳಕೋ" ಎಂದು ಹೇಳಿ ಕೆಳಕ್ಕೆ ಧುಮುಕಿದೆ. ಅಂಗಾಲಿಗೆ ಉಗುಳು ಹಚ್ಚಿ ನೆಲಕ್ಕೊತ್ತಿ, ಕುಂಟುತ್ತಲೇ ಆಚೆಹಟ್ಟಿಯವರೆಗೆ ನಡೆದೆ. ಅಲ್ಲಿ ಒಂದು ಒಪ್ಪಂದ ಮಾಡಿಕೊಂಡೆವು. ಹುಲಿಗೆವ್ವನಿಗೆ ನೋವು ಶುರುವಾದ ಕೂಡಲೇ ಗುಡ್ಡದ ನೆತ್ತಿಯ ಈಚಲು ಮರಕ್ಕೆ ಕೆಂಪು ಸೀರೆ ಕಟ್ಟಬೇಕು. ನಮ್ಮ ಮಾಳಿಗೆಯಿಂದ ಅದು ಕಾಣುತ್ತದೆ. ನಾನು ಸೈಕಲ್ಲು ಹತ್ತಿದರೆ ಒಂದು ತಾಸಿನಲ್ಲಿ ಬಾಗಿಲಲ್ಲಿರುತ್ತೇನೆ. ಬರುವಾಗ ಯಮನೂರಪ್ಪನ ಚಕ್ಕಡಿಯಲ್ಲೇ ಬಂದೆ. ಒಂದು ಸಲ ನಡೆದರೆ ಸಾಕಲ್ಲ!

"ದಾರ ಕಟ್ಟಿದ್ದಿಯೇನು?" ದಾವಲಸಾಬ ಕೇಳಿದ.

"ಹೂಂ."

"ಅಷ್ಟೂ ದಾರಿ ನಡದಿ?"

"ಇಲ್ಲಿ ನೋಡ್ರಿ" ಎಂದು ಅಂಗಾಲಿನ ಗಾಯ ತೋರಿಸಿದೆ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಕಲಿಕೆ ಶುರುವಾಯಿತು. ದಾವಲಸಾಬ ಕುರ್ಚಿಯಿಂದ ಏಳುತ್ತಿರಲಿಲ್ಲ, ಕಡ್ಡಿ ಮುಟ್ಟುತ್ತಲೂ ಇರಲಿಲ್ಲ. ಅವನ ಬೆರಳು ತಗುಲಿದರೆ ಗಾಲಿ ಅವನದಾಗುತ್ತದೆ, ಕರಿಗುಡ್ಡದ ಬುಡದಲ್ಲಿ ನಿಲ್ಲುತ್ತದೆ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಬಾಯಲ್ಲೇ ಕಲಿಸಿದ. ನಡುವಿನ ಗುಂಬದ ತೂತಿನಲ್ಲಿ ಕಡ್ಡಿ ಪೋಣಿಸಬೇಕು. ಎರಡು ಕಡ್ಡಿಯ ಮೇಲೆ ಹಾಯಿಸಿ ಮೂರನೆಯದರ ಕೆಳಗೆ ನುಸುಳಿಸಬೇಕು. ಆಮೇಲೆ ರಿಮ್ಮಿನ ತೂತಿಗೆ ಸೇರಿಸಿ ಬಿರಡೆ ತಿರುಗಿಸಬೇಕು. ಮೊದಲ ಸಲ ಒಂದು ತೂತು ತಪ್ಪಿತು. ಕೊನೆಯ ನಾಲ್ಕು ಕಡ್ಡಿ ಎಷ್ಟು ಎಳೆದರೂ ರಿಮ್ ಮುಟ್ಟಲಿಲ್ಲ. ಎಲ್ಲ ಬಿಚ್ಚಿದೆ. ಎರಡನೇ ಸಲ ಸಿಟ್ಟಿನಲ್ಲಿ ಬಿಗಿದೆ. ರಿಮ್ಮು ಕರಿದ ಹಪ್ಪಳದಂತೆ ಮುರುಟಿತು.

"ಕಾಲು ಸುತ್ತು! ಕಾಲು ಸುತ್ತಿಗಿಂತ ಹೆಚ್ಚ ತಿರುವಬ್ಯಾಡ ಅಂತ ಎಷ್ಟ ಸಲ ಹೇಳಲಿ?" ದಾವಲಸಾಬ ಕುರ್ಚಿಯಲ್ಲೇ ಕುಣಿದ. "ಎಡಕ್ಕ ವಾಲಿದ್ರ ಬಲಗಡೆಯ ಕಡ್ಡಿ ಬಿಗಿ. ಬಲಕ್ಕ ವಾಲಿದ್ರ ಎಡಗಡೇದು. ನೀ ಹೆರೂ ಹೆಂಗಸಿಗೆ ಹಿಂಗ ಅವಸರ ಮಾಡತಿಯೇನು?"

ಆ ಮಾತು ನಾಟಿತು. ಮಾಡುವುದಿಲ್ಲ. ಅಲ್ಲಿ ನಾನು ಕಾಯುತ್ತೇನೆ, ಕೈಗೆ ಏನು ತಿಳಿಯುತ್ತದೆಯೋ ಅದನ್ನೇ ನಂಬುತ್ತೇನೆ. ಮರುದಿನದಿಂದ ಕಣ್ಣು ಮುಚ್ಚಿ ಕಟ್ಟಿದೆ. ಒಂದೊಂದು ಕಡ್ಡಿಯನ್ನೂ ಉಗುರಿನಿಂದ ಮೀಟಿ ದನಿ ಕೇಳಿ, ಕಾಲು ಸುತ್ತು, ಮತ್ತೆ ಕಾಲು ಸುತ್ತು. ಹದಿನೆಂಟನೇ ದಿನ ಮುಂದಿನ ಗಾಲಿ ತಿರುಗಿಸಿದೆ. ಬಲಕ್ಕಿಲ್ಲ, ಎಡಕ್ಕಿಲ್ಲ, ಮೇಲಿಲ್ಲ, ಕೆಳಗಿಲ್ಲ, ನೆಟ್ಟಗೆ ಸುಯ್ ಎಂದು ತಿರುಗುತ್ತಲೇ ಇತ್ತು. ನನಗೆ ಕುಣಿಯಬೇಕೆನ್ನಿಸಿತು. ಕುಣಿದೆ ಕೂಡ. ನಲವತ್ತೈದರ ಹೆಂಗಸು ಸೈಕಲ್ ಅಂಗಡಿಯಲ್ಲಿ ಕುಣಿದದ್ದನ್ನು ನೋಡಿ ಎದುರಿನ ಇಸ್ತ್ರಿ ಅಂಗಡಿಯವನು ಯಾರದೋ ಅಂಗಿ ಸುಟ್ಟ.

ಒಂದೇ ಒಂದು ಕಡ್ಡಿ ಮಾತ್ರ, ಎಷ್ಟು ಬಿಗಿದರೂ ಮಂಕಾಗಿಯೇ ನುಡಿಯುತ್ತಿತ್ತು. ದಾವಲಸಾಬ ಕಿವಿ ಹತ್ತಿರ ತಂದು ಕೇಳಿದ. ನನ್ನ ಮುಖ ನೋಡಿದ. "ಹೋಗಲಿ ಬಿಡು" ಎಂದ.

ಹಿಂದಿನ ಗಾಲಿಗೆ ಇನ್ನೂ ಒಂದು ತಿಂಗಳು ಹಿಡಿಯಿತು. ಕೆಂಪು ಸೀರೆಗಾಗಿ ಕಾಯುವುದೊಂದೇ ಉಳಿಯಿತು. ಅಷ್ಟರಲ್ಲಿ ಸುದ್ದಿ ಊರೆಲ್ಲ ಹರಡಿ, ನನಗಿಂತ ಊರೇ ಹೆಚ್ಚು ಕಾಯುತ್ತಿತ್ತು. ಬೆಳಗಾದರೆ ಮಾಳಿಗೆಗಳ ಮೇಲೆಲ್ಲ ಜನ. ಒಂಬತ್ತನೇ ದಿನ ಬೆಳಿಗ್ಗೆ ಮೆಣಸಿನಕಾಯಿ ಹರವುತ್ತಿದ್ದೆ. ಹತ್ತು ಮಾಳಿಗೆಗಳಿಂದ ಒಟ್ಟಿಗೆ ಕೂಗು ಎದ್ದಿತು: "ನಿಂಬೆವ್ವಾ! ಸೀರಿ! ಸೀರಿ!"

ಹೆರಿಗೆಯ ಗಂಟನ್ನು ಕ್ಯಾರಿಯರಿಗೆ ಬಿಗಿದು ಹತ್ತಿದೆ. ಓಣಿಯ ತುಂಬ ಜನ. ಕರಿಗುಡ್ಡದ ಬುಡದವರೆಗೆ ಮೂವತ್ತು ಸೈಕಲ್ಲು ನನ್ನ ಹಿಂದೆ ಬಂದವು. ಗೆರೆಗಳ ಸಾಲು ಬಂತು. ಮೂವತ್ತೂ ಅಲ್ಲಿ ಗಕ್ಕನೆ ನಿಂತವು. ನನ್ನದು ನಿಲ್ಲಲಿಲ್ಲ! ಅವರು ಕೂಗಿದ ಕೂಗು ಗುಡ್ಡಕ್ಕೆ ಬಡಿದು ಮತ್ತೆ ನನ್ನ ಬೆನ್ನಿಗೆ ಬಡಿಯಿತು. ನಾನು ಕಟ್ಟಿದ ಗಾಲಿ, ನನ್ನ ಕಾಲು ನಡೆದ ದಾರಿ. ಸೆರಗು ಹಾರಿತು, ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಹಾಡು ಬಂತು. ಇಳಿಜಾರಿನಲ್ಲಿ ಬ್ರೇಕನ್ನೇ ಮುಟ್ಟಲಿಲ್ಲ. ಈ ಓಟದಲ್ಲಿ ಮುಕ್ಕಾಲು ತಾಸಿಗೇ ತಲುಪುತ್ತೇನೆ ಎಂದುಕೊಂಡೆ.

ಬೇವಿನ ಮರ ಬಂತು. ಗಾಲಿ ನಿಂತಿತು.

ನಾನು ಹ್ಯಾಂಡಲ್ ದಾಟಿ ಮುಂದೆ ಬಿದ್ದೆ. ಮೊಣಕೈ ಕಿತ್ತುಹೋಯಿತು. ಎದ್ದು ಗಾಲಿ ನೂಕಿದೆ, ಅಲ್ಲಾಡಲಿಲ್ಲ. ಹಿಂದಕ್ಕೆ ನೂಕಿದರೆ ಉರುಳುತ್ತದೆ, ಮುಂದಕ್ಕಿಲ್ಲ. ಯಾಕೆಂದು ಹುಡುಕಬೇಕಾಗಿರಲಿಲ್ಲ. ಆ ಮರ ನೋಡಿದ ಕೂಡಲೇ ಅಂಗಾಲಿನ ಹಳೆ ಗಾಯ ಚುಳ್ ಎಂದಿತು. ಮುಳ್ಳು, ಚಕ್ಕಡಿ, ಇಳಿಬಿಟ್ಟ ಕಾಲು. ಇಲ್ಲಿಂದ ಮುಂದೆ ನನ್ನ ಕಾಲು ನೆಲ ಮುಟ್ಟಿರಲಿಲ್ಲ. ಎಷ್ಟು ದೂರ? ಗೊತ್ತಿಲ್ಲ. ಮುಳ್ಳು ಕೆದಕುವವಳು ದಾರಿ ನೋಡುತ್ತಾಳೆಯೇ? ಸೈಕಲ್ಲು ಇಲ್ಲೇ ಬಿಟ್ಟು ಓಡಿದರೆ ಇನ್ನೂ ಎರಡು ತಾಸಿನ ದಾರಿ. ಹೊತ್ತುಕೊಂಡರೆ ಎಲ್ಲಿಯವರೆಗೆ ಹೊರಬೇಕು? ಗುಡ್ಡದ ಮೇಲೆ ಕೆಂಪು ಸೀರೆ ಪಟಪಟ ಹೊಡೆದುಕೊಳ್ಳುತ್ತಿತ್ತು. ದಾರಕ್ಕೂ ನನ್ನ ಜಾಣತನಕ್ಕೂ ಒಟ್ಟಿಗೆ ಬೈದು, ಸೆರಗನ್ನು ಸಿಂಬೆ ಸುತ್ತಿ ಸೈಕಲ್ಲನ್ನು ತಲೆಯ ಮೇಲೆ ಏರಿಸಿದೆ.

ಹತ್ತು ಹೆಜ್ಜೆಗೊಮ್ಮೆ ಇಳಿಸಿ ಗಾಲಿ ತಿರುಗಿಸಿ ನೋಡಿದೆ. ಇಲ್ಲ. ಮತ್ತೆ ಹೊತ್ತೆ. ಪೆಡಲು ಕಿವಿಗೆ ಬಡಿಯಿತು, ಬೆವರು ಕಣ್ಣಿಗಿಳಿಯಿತು. ಹೀಗೆ ಇಳಿಸಿ ಏರಿಸಿ ಮಾಡಿದರೆ ಅಲ್ಲಿ ಹೊತ್ತು ಮೀರುತ್ತದೆ ಎಂದು ಹೆದರಿಕೆಯಾಯಿತು. ಆಗ ಯಮನೂರಪ್ಪನ ಮಾತು ನೆನಪಿಗೆ ಬಂತು. ದಾರಿ ನೋಡಿರಲಿಲ್ಲ, ಆದರೆ ಮಾತು ಕೇಳಿದ್ದೆನಲ್ಲ! ಒಂದು ಮುರುಕು ಕಲ್ಲಿನ ತೊಟ್ಟಿಯ ಹತ್ತಿರ ಎತ್ತುಗಳು ನೀರಿಗೆ ಮೂಗು ಚಾಚಿದ್ದವು. ಆಗ ಅವನು ಗಂಡುಕೂಸಿನ ಮಾತು ಆಡುತ್ತಿದ್ದ. ತೊಟ್ಟಿ ಬಂತು, ದಾಟಿದೆ. ಅವನು ಸುಮ್ಮನಾಗಿದ್ದಾಗ ಚಕ್ಕಡಿ ಕುಲುಕಿತ್ತು. ಕೊರಕಲು ಬಂತು, ದಾಟಿದೆ. ಒಂದ ಸಲ ಅತ್ತಿತ್ತಂತ್ರೀ ಎಂದಾಗ ಎಡಕ್ಕೆ ತಿರುಗಿದ್ದೆವು, ಬಿಸಿಲು ನನ್ನ ಮುಖಕ್ಕೆ ಬಿದ್ದಿತ್ತು. ತಿರುವು ಬಂತು. ಇನ್ನು ನಾಲ್ಕೇ ಮಾತು. ಬಾಯಿಬಿಟ್ಟು ಗಟ್ಟಿಯಾಗಿ ಹೇಳುತ್ತ ನಡೆದೆ: "ಯಮನೂರಪ್ಪಾ, ಈ ಸಲ ನಾ ಬರತೀನಿ. ಮಾತು ಕೊಟ್ಟೇನಿ, ತಿಳಕೋ."

ಸೈಕಲ್ಲು ಇಳಿಸಿದೆ. ನೂಕಿದೆ. ಗಾಲಿ ಉರುಳಿತು.

ಮುಂದಿನ ದಾರಿಯನ್ನು ನಾನು ಹೇಗೆ ತುಳಿದೆನೋ ಆ ದೇವರಿಗೇ ಗೊತ್ತು. ಆಚೆಹಟ್ಟಿಯಲ್ಲಿ ಸೈಕಲ್ಲು ನೋಡದ ನಾಯಿಗಳು ಬೊಗಳುವುದನ್ನೂ ಮರೆತು ನಿಂತವು. ಒಳಗೆ ಹುಲಿಗೆವ್ವನ ಕಣ್ಣು ಮೇಲಾಗುತ್ತಿತ್ತು. ತಲೆ ಬಂದಿತ್ತು, ಕೂಸಿನ ಕೊರಳಿಗೆ ಬಳ್ಳಿ ಎರಡು ಸುತ್ತು ಬಿಗಿದಿತ್ತು. ಅವಸರ ಮಾಡಲಿಲ್ಲ. ಬೆರಳು ತೂರಿಸಿ ಕಾಲು ಸುತ್ತು ಸಡಿಲಿಸಿದೆ, ಮತ್ತೆ ಕಾಲು ಸುತ್ತು, ಒಂದು ಸುತ್ತು ತಲೆಯ ಮೇಲೆ ಹಾಯಿಸಿದೆ, ಇನ್ನೊಂದನ್ನೂ ಹಾಯಿಸಿದೆ. ಕೂಸು ಹೊರಬಂತು. ಹೆಣ್ಣು. ನೀಲಿ, ಸದ್ದಿಲ್ಲ. ಬೆನ್ನಿಗೆ ಒಂದು ಕೊಟ್ಟೆ. ಒಂದು ಸಲ ಅತ್ತಿತು.

ಎಲ್ಲರೂ ಉಸಿರು ಹಿಡಿದರು. ಬಾಗಿಲ ಹೊರಗೆ ಯಮನೂರಪ್ಪ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಕೂಸು ಎರಡನೇ ಸಲ ಅತ್ತಿತು. ಮೂರನೇ ಸಲ, ನಾಲ್ಕನೇ ಸಲ, ಆಮೇಲೆ ನಿಲ್ಲಿಸಲೇ ಇಲ್ಲ. ಗೋಡೆಯಾಚೆ ಅವನೂ ಅಳುತ್ತಿದ್ದ, ಕೂಸಿಗಿಂತ ಜೋರಾಗಿ.

ಊರಿಗೆ ಬಂದು ದಾವಲಸಾಬನ ಮುಂದೆ ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣ ಮೆತ್ತಿದ ದಾರ ಇಟ್ಟೆ. "ಕಟ್ಟಿರಲಿಲ್ಲ" ಎಂದೆ.

"ಗೊತ್ತಿತ್ತು. ಆ ಮಂಕ ಕಡ್ಡಿ ಹೇಳಿತ್ತು."

"ಮತ್ತ ಯಾಕ ಹೇಳಲಿಲ್ರಿ?" ನನಗೆ ಸಿಟ್ಟೇ ಬಂತು.

"ಹೇಳಿದ್ರ ನೀ ಮತ್ತ ನಡದ ಬಂದು ಎಲ್ಲಾ ಬಿಚ್ಚಿ ಮೊದಲಿಂದ ಕಟ್ಟಾಕಿ. ಅಷ್ಟರಾಗ ಆಕೀ ದಿನ ತುಂಬತಿದ್ದುವು. ಒಂದ ಕಡ್ಡಿ ಮಂಕ ಅಂದ್ರ ಒಂದ ಸಣ್ಣ ತುಣುಕ ದಾರಿ. ಹೊರತಾಳ ಬಿಡು ಅಂದಕೊಂಡೆ."

ಗಾಲಿಗಳನ್ನು ನಾನು ಬಿಚ್ಚಿ ಕಟ್ಟಲಿಲ್ಲ. ತಮ್ಮ ಕೆಲಸ ಮಾಡಿದ ಗಾಲಿಗಳನ್ನು ಬಿಚ್ಚಲು ಮನಸ್ಸು ಬರಲಿಲ್ಲ. ಈಗಲೂ ಆಚೆಹಟ್ಟಿಗೆ ಹೋಗುವಾಗ ಬೇವಿನ ಮರದಿಂದ ತಿರುವಿನವರೆಗೆ ಆರುನೂರು ಹೆಜ್ಜೆ ಸೈಕಲ್ಲು ನನ್ನ ತಲೆಯ ಮೇಲೆ. ಕಂಡವರು ಕೇಳುತ್ತಾರೆ, "ಏನ್ ನಿಂಬೆವ್ವಾ, ಸೈಕಲ್ಲ ನಿನ್ನ ಮ್ಯಾಲ ಹತ್ತೈತೇನು?" ಕೇಳಲಿ.

ಹೋದ ತಿಂಗಳು ಕೂಸಿಗೆ ಎರಡು ತುಂಬಿತು. ಹೆಸರು ಸಣ್ಣ ನಿಂಬೆವ್ವ, ಹಟ ದೊಡ್ಡ ನಿಂಬೆವ್ವನದು. ದಾವಲಸಾಬ ಉಂಡೆಯಿಂದ ಒಂದು ಚೋಟು ಬಿಳಿ ದಾರ ಹರಿದು ಕೊಟ್ಟ. ಆ ದಿನವೇ ಅದನ್ನು ಅವಳ ಬಲಗಾಲಿಗೆ ಕಟ್ಟಿ ಬೇವಿನ ಮರದ ಬುಡದಲ್ಲಿ ನಿಲ್ಲಿಸಿದೆವು. ನಾಳೆ ಅವಳು ಕಟ್ಟುವ ಗಾಲಿಯಾದರೂ ಇಲ್ಲಿ ನಿಲ್ಲಬಾರದು. ಅವಳು ನಡೆದಳು. ಕೂತಳು. ಇರುವೆ ನೋಡಿದಳು. ತೊಟ್ಟಿಯಲ್ಲಿ ಕೈ ಆಡಿಸಿದಳು. ಮತ್ತೆ ನಡೆದಳು. ನಾನು, ಹುಲಿಗೆವ್ವ, ಯಮನೂರಪ್ಪ ಅವಳ ಹಿಂದೆ ಒಂದೊಂದೇ ಹೆಜ್ಜೆ ಇಡುತ್ತ ಬಂದೆವು. ತಿರುವಿನ ಹತ್ತಿರ ಎಡವಿ ಬಿದ್ದು, ಹಿಂದೆ ತಿರುಗಿ, ಎರಡೂ ಕೈ ಮೇಲೆತ್ತಿ ದೊಡ್ಡ ದನಿಯಲ್ಲಿ ಅಳತೊಡಗಿದಳು. ಯಮನೂರಪ್ಪ ತಡೆಯಲಾರದೆ ಓಡಿದ.

"ಎತ್ತಬ್ಯಾಡ!" ನಾನೂ ಹುಲಿಗೆವ್ವನೂ ಒಟ್ಟಿಗೆ ಚೀರಿದೆವು. "ಕಾಲಾಗ ದಾರ ಐತಿ!"

ಅವನು ಚಾಚಿದ ಕೈ ಹಾಗೇ ಹಿಡಿದು ನಿಂತ. ಕೂಸು ಅವನನ್ನು ನೋಡಿತು, ನಮ್ಮನ್ನು ನೋಡಿತು, ಯಾರೂ ಎತ್ತುವುದಿಲ್ಲ ಎಂದು ತಿಳಿದು ಮೂಗು ಒರೆಸಿಕೊಂಡಿತು. ನೆಲಕ್ಕೆ ಅಂಗೈ ಊರಿ ಎದ್ದಿತು. ಉಳಿದ ನಾಲ್ಕು ಹೆಜ್ಜೆಯನ್ನೂ ತಾನೇ ನಡೆಯಿತು.